ಹರಕೆಯ ಎಲೆ

ಅಹಮದಾಬಾದಿನ ಕಾಲುಪುರ ಸ್ಟೇಷನ್ನಿನ ಪಕ್ಕದ ಗಲ್ಲಿಯಲ್ಲಿ ಶಂಕರನಾರಾಯಣ ಹೆಬ್ಬಾರರ ಉಡುಪಿ ಹೋಟೆಲು. ಅದರ ಅಡಿಗೆಮನೆಯಲ್ಲಿ ಅನ್ನದ ಜೊತೆ ತಾನೂ ಹನ್ನೆರಡು ವರ್ಷದಿಂದ ಬೇಯುತ್ತಿದ್ದವನು ಕುಂದಾಪುರದ ಕಡೆಯ ಮಾಧವ. ಅವನಿಗೆ ಸಂಬಳವಿರಲಿಲ್ಲ. ಇಷ್ಟು ಕೇಳಿದ ಕೂಡಲೇ ಹೆಬ್ಬಾರರನ್ನು ಬೈಯಲು ಬಾಯಿ ತೆರೆಯಬೇಡಿ. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಅದೇ ಇದರ ಕಷ್ಟ.

ಹೆಬ್ಬಾರರ ಮಗಳು ವೈದೇಹಿ ಎಳೆಗೂಸಾಗಿದ್ದಾಗ ಜ್ವರದಲ್ಲಿ ಕೆಂಡವಾಗಿದ್ದಳು. ಡಾಕ್ಟರು ಕೈ ಚೆಲ್ಲಿದರು. ಹೆಬ್ಬಾರರು ಆಸ್ಪತ್ರೆಯ ವರಾಂಡದಲ್ಲಿ ತೆಂಕು ದಿಕ್ಕಿಗೆ ಮುಖ ಮಾಡಿ ನಿಂತು ಉಡುಪಿಯ ಕೃಷ್ಣನಿಗೆ ಹರಕೆ ಹೇಳಿಕೊಂಡರು: ಮಗು ಉಳಿದರೆ ದಿಕ್ಕಿಲ್ಲದ ಒಬ್ಬನಿಗೆ ನನ್ನ ಮನೆಯಲ್ಲಿ ದಿನಾ ಎಲೆ ಹಾಕುತ್ತೇನೆ. ಮಗು ಉಳಿಯಿತು. ದಿಕ್ಕಿಲ್ಲದವನನ್ನು ಹುಡುಕಲು ಹೆಬ್ಬಾರರು ದೂರ ಹೋಗಬೇಕಾಗಲಿಲ್ಲ. ಸರಸಪುರದ ಒಂದು ಗಿರಣಿಯ ಗೋಡೆಗೆ ಒರಗಿಕೊಂಡು, ಹಸಿವಿನಿಂದ ಕಣ್ಣು ಮುಚ್ಚಿ ಕೂತಿದ್ದ ಮಾಧವ ಅವರ ಕಣ್ಣಿಗೆ ಬಿದ್ದ.

ಹರಕೆಯ ಎಲೆಗೆ ಕೂತು ಉಂಡವನಿಗೆ ಸುಮ್ಮನೆ ಕೂರಲು ನಾಚಿಕೆಯಾಯಿತು. ಮೊದಲು ಹಿಟ್ಟು ರುಬ್ಬಿದ, ಆಮೇಲೆ ತೆಂಗಿನಕಾಯಿ ತುರಿದ. ಇದ್ದ ಅಡಿಗೆಯವ ಮುಂಬಯಿಗೆ ಓಡಿಹೋದ ಮೇಲೆ ಇಡೀ ಅಡಿಗೆಮನೆ ಇವನ ಮೈಮೇಲೆ ಬಿತ್ತು. ಸಂಬಳದ ಮಾತು ಇಬ್ಬರಿಗೂ ಹೊಳೆಯಲಿಲ್ಲ. ಹರಕೆಯವನಿಗೆ ದುಡ್ಡು ಕೊಟ್ಟರೆ ಅದು ಹರಕೆ ಹೇಗಾಗುತ್ತದೆ? ಬಟ್ಟೆ, ಎಣ್ಣೆ, ಸಾಬೂನು ಕೇಳದೆಯೇ ಬರುತ್ತಿತ್ತು. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ಹಿಂದಿನ ಕೋಣೆಯಲ್ಲಿ ಹೆಬ್ಬಾರರ ಹೆಂಡತಿ ಸುಮಿತ್ರಮ್ಮ ಎಲೆ ಹಾಕುತ್ತಿದ್ದರು. ಆ ಊರಲ್ಲಿ ಬಾಳೆ ಎಲ್ಲಿಂದ ಬರಬೇಕು, ಮುತ್ತುಗದ ಎಲೆಯೇ ಗತಿ. ಮೊದಲ ಎಲೆ ಮಾಧವನದು. ಅವನು ಉಂಡೆದ್ದ ಮೇಲೆ ಯಜಮಾನರ ಊಟ.

ಮಾಧವನಿಗೆ ಈ ಏರ್ಪಾಟಿನಲ್ಲಿ ಒಂದು ದೊಡ್ಡ ಸಮಾಧಾನವಿತ್ತು. ಅದು ಅರ್ಥವಾಗಬೇಕಾದರೆ ಗಿರಣಿಯ ಬಾಗಿಲು ನೋಡಿರಬೇಕು. ಹೆಬ್ಬಾರರ ಕಣ್ಣಿಗೆ ಬೀಳುವ ಮೊದಲು ಅವನು ಅಲ್ಲಿ ಬದಲಿಯಾಗಿದ್ದ. ಕಾಯಂ ಕೆಲಸಗಾರ ಬಾರದ ದಿನ ಅವನ ಜಾಗಕ್ಕೆ ಹೋಗುವವನು ಬದಲಿ. ಬೆಳಿಗ್ಗೆ ಗಿರಣಿಯ ಸೀಟಿ ಕೂಗುವಾಗ ಬದಲಿಗಳೆಲ್ಲ ಬಾಗಿಲ ಮುಂದೆ ಸಾಲಾಗಿ ನಿಲ್ಲಬೇಕು, ಆಳುಗಳ ಮೇಸ್ತ್ರಿ ಮುಕಾದಮ ಬಂದು ಮುಖ ನೋಡಿ ಆರಿಸಬೇಕು. ವಯಸ್ಸಾದ ನೇಕಾರರ ಕಣ್ಣೆದುರು ಅವನು ಒಂದು ನೂಲು ಹಿಡಿದು, ತುದಿ ಎಲ್ಲಿದೆ ತೋರಿಸು ಎನ್ನುತ್ತಿದ್ದ. ತೋರಿಸಲಾಗದೆ ಗಾಳಿಯಲ್ಲಿ ಕೈಯಾಡಿಸಿದ ಒಬ್ಬ ಮುದುಕನನ್ನು ಕಂಡು ಸಾಲಿಗೆ ಸಾಲೇ ನಕ್ಕಿತ್ತು. ಮಾಧವನೂ ನಕ್ಕಿದ್ದ. ಆ ಮುದುಕ ಆಮೇಲೆ ಸ್ಟೇಷನ್ನಿನ ಮೆಟ್ಟಿಲಲ್ಲಿ ಕೂತಿದ್ದನ್ನೂ, ಒಂದು ದಿನ ಅಲ್ಲಿಯೂ ಇಲ್ಲದ್ದನ್ನೂ ನೋಡಿದ್ದ.

ಅರವತ್ತನಾಲ್ಕನೇ ಇಸವಿಯ ಬೇಸಿಗೆಯ ಹೊತ್ತಿಗೆ ಮಾಧವನ ಕಣ್ಣಿಗೇ ಪರದೆ ಬಿತ್ತು. ಸೀಮೆಎಣ್ಣೆಯ ಹೊಗೆಯೋ, ಹಣೆಬರಹವೋ. ಎದುರಿನವರ ಮುಖ ಹಾಲಿಗೆ ನೀರು ಬೆರೆಸಿದ ಹಾಗೆ ತೆಳ್ಳಗಾಗುತ್ತ ಬಂತು. ಒಗ್ಗರಣೆಯನ್ನು ಚಟಪಟ ಸದ್ದಿನಿಂದ, ದೋಸೆಯನ್ನು ವಾಸನೆಯಿಂದ ಅಳೆಯತೊಡಗಿದ. ಡಾಕ್ಟರ ಹತ್ತಿರ ಹೋಗಲು ಹೆದರಿಕೆ. ಅವರು ಬಾಯಿ ಬಿಟ್ಟು ಹೇಳಿಬಿಟ್ಟರೆ ಅದು ನಿಜವಾಗಿಬಿಡುತ್ತದಲ್ಲ! ಗೊತ್ತಿದ್ದದ್ದು ಸುಮಿತ್ರಮ್ಮನಿಗೆ ಮಾತ್ರ. ಅವರು ಏನೂ ಹೇಳದೆ ಅಕ್ಕಿಯ ಕಲ್ಲನ್ನು ತಾವೇ ಆರಿಸಿ ಇಡುತ್ತಿದ್ದರು. ಕಣ್ಣು ಹೋದರೂ ಎಲೆ ಹೋಗುವುದಿಲ್ಲ ಎಂದು ಮಾಧವ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಸಂಬಳದವನನ್ನು ಬಿಡಿಸಬಹುದು, ಹರಕೆಯವನನ್ನು ಬಿಡಿಸಲು ಬರುವುದಿಲ್ಲ.

ಅಂಥ ಹೊತ್ತಿನಲ್ಲೇ ಪ್ರೊಫೆಸರ್ ಸತ್ಯಪ್ರಕಾಶ ಹೋಟೆಲಿಗೆ ಬರತೊಡಗಿದ್ದು. ಧಾರವಾಡದವರು, ಅರ್ಥಶಾಸ್ತ್ರದ ಪಂಡಿತರು. ಸಾಬರಮತಿಯ ಆಚೆ ದಡದ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಈ ಊರಿನ ಶೇಠಜಿಗಳು ಎಷ್ಟು ದಾನ ಮಾಡುತ್ತಾರೆ, ಪುಕ್ಕಟೆ ಊಟ ಹಾಕುವ ಸದಾವ್ರತಗಳಲ್ಲಿ ಯಾರು ಉಣ್ಣುತ್ತಾರೆ, ಹಾಗೆ ಉಂಡವರಿಗೆ ಗಿರಣಿಯಲ್ಲಿ ಕೂಲಿ ಹೆಚ್ಚು ಸಿಗುತ್ತದೋ ಕಡಿಮೆಯೋ ಎಂದು ಬೀದಿ ಬೀದಿ ಅಲೆದು ಕೇಳುತ್ತಿದ್ದರು. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಇವರಿಗೆ ಸರಕಾರ ಜಂತೆ ಎಣಿಸಲೆಂದೇ ಸಂಬಳ ಕೊಡುತ್ತಿತ್ತು. ಆದರೆ ಮನುಷ್ಯ ಒಳ್ಳೆಯವರು. ಬಿಸಿಬೇಳೆ ರುಚಿಯಾಯಿತೆಂದು ಅಡಿಗೆಮನೆಯ ಬಾಗಿಲಿಗೇ ಬಂದು ಹೇಳುವವರು.

ಹಾಗೆ ಬಂದ ಒಂದು ದಿನ ಕೇಳಿದರು, “ನಿಮಗ ಪಗಾರ ಎಷ್ಟ್ರಿ ಮಾಧವರಾವ?”

“ಪಗಾರ ಎಂತದು ಮಾರಾಯ್ರೆ, ನಾನು ಹರಕೆಯವ ಅಲ್ವಾ,” ಎಂದು ಮಾಧವ ನಗುತ್ತ ಎಲ್ಲವನ್ನೂ ಹೇಳಿಬಿಟ್ಟ. ಹೇಳುವಾಗ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಪ್ರೊಫೆಸರು ನಗಲಿಲ್ಲ. “ಹನ್ನೆರಡು ವರ್ಷ ದುಡಿದೀರಿ, ಒಂದು ಪೈ ಪಗಾರಿಲ್ಲ. ಇದಕ್ಕ ದಾನ ಅಂತಾರೇನ್ರಿ? ನಾ ಮಾಲಕರ ಜೋಡಿ ಮಾತಾಡ್ತೀನಿ.”

ಮಾಧವ ಕೈಮುಗಿದ. “ಬೇಡ, ಬೇಡ. ದಮ್ಮಯ್ಯ, ನನ್ನ ವಿಷಯ ಎತ್ತಬೇಡಿ. ನಾನು ಸುಖದಲ್ಲಿದ್ದೇನೆ.”

“ಅಂಜಬ್ಯಾಡ್ರಿ. ನಿಮ್ಮ ಹೆಸರು ಕೆಡದ್ಹಂಗ ಮಾತಾಡ್ತೀನಿ.”

ನೋಡಿ, ಎಡವಟ್ಟಾದದ್ದು ಇಲ್ಲಿ. ಇವನು ಕೈಮುಗಿದದ್ದನ್ನು ಕಂಡು ಪ್ರೊಫೆಸರು ಧಣಿಯ ಹೆದರಿಕೆ ಎಂದುಕೊಂಡರು. ಇವನು ಹೆದರಿದ್ದು ಸಂಬಳಕ್ಕೆ! ಜಗತ್ತಿನಲ್ಲಿ ಸಂಬಳಕ್ಕೆ ಹೆದರುವವನೊಬ್ಬ ಇರಬಹುದೆಂದು ಯಾವ ಅರ್ಥಶಾಸ್ತ್ರ ಓದಿದರೆ ತಿಳಿಯಬೇಕು? ಕಾರಣ ಹೇಳಬೇಕಾದರೆ ಕಣ್ಣಿನ ಮಾತು ಹೇಳಬೇಕು. ಮಾಧವ ಒಲೆಯ ಕಡೆ ತಿರುಗಿ ಸೌಟು ಆಡಿಸಿದ.

ಮರುದಿನ ಪ್ರೊಫೆಸರು ಗಲ್ಲಾದ ಪಕ್ಕ ಕುರ್ಚಿ ಎಳೆದು ಕೂತರು. ಮಾಧವ ಒಲೆಯ ಸದ್ದು ತಗ್ಗಿಸಿ ಗೋಡೆಗೆ ಕಿವಿಯಿಟ್ಟ.

“ದಾನನೂ ಮಾಡ್ರಿ, ಕೆಲಸನೂ ಮಾಡಸ್ಕೋರಿ. ಆದರ ಎರಡನ್ನೂ ಕಲಸಬ್ಯಾಡ್ರಿ ಹೆಬ್ಬಾರರ. ಕಲಸಿದರ ದಾನನೂ ಕೆಡ್ತದ, ದುಡಿಮಿನೂ ಕೆಡ್ತದ.”

ಹೆಬ್ಬಾರರು ದೇವರಿಗೆ ಹೆದರುವ ಮನುಷ್ಯ. ಅವರ ದನಿ ಒಡೆದು ಬಂತು: “ಅಂದರೆ ನಾನು ಕೃಷ್ಣನಿಗೆ ಕೊಟ್ಟ ಮಾತಿನಲ್ಲಿ ಇಷ್ಟು ವರ್ಷ ಬಿಟ್ಟಿ ಚಾಕರಿ ಮಾಡಿಸಿಕೊಂಡೆ ಅಂತಾಯ್ತು. ಎಂಥ ಪಾಪ ಮಾರಾಯ್ರೆ!”

ಆ ಸಂಜೆ ಮಾಧವ ಯಜಮಾನರ ಕಾಲು ಹಿಡಿದ. ಸಂಬಳ ಬೇಡ, ಇದ್ದ ಹಾಗೆ ಇರಲಿ ಎಂದು ಅತ್ತ. ಹೆಬ್ಬಾರರು ಅವನನ್ನು ಎತ್ತಿ ನಿಲ್ಲಿಸಿ ಕಣ್ಣೊರೆಸಿಕೊಂಡರು. ಇಂಥ ನಿಸ್ಪೃಹನಿಂದ ಚಾಕರಿ ಮಾಡಿಸಿಕೊಂಡೆನಲ್ಲಾ ಎಂದು ಅವರ ಪಾಪಭೀತಿ ಇನ್ನಷ್ಟು ಹೆಚ್ಚಾಯಿತು. ಹೊಸ ತಿಂಗಳು ಹುಟ್ಟಿದ ಕೂಡಲೇ ದೇವರ ಮುಂದೆ ಹೂವಿನ ಜೊತೆ ನೋಟುಗಳನ್ನಿಟ್ಟು ಮಾಧವನ ಕೈಗೆ ಕೊಟ್ಟರು. “ಇನ್ನು ನೀನು ಯಾರ ಹಂಗಿನವನೂ ಅಲ್ಲ,” ಎಂದರು. ಅವರಿಗೆ ಮನಸ್ಸು ಹಗುರವಾಯಿತು. ಮಾಧವನ ಕಾಲಿನ ಕೆಳಗೆ ನೆಲ ಹಗುರವಾಯಿತು.

ಆದರೆ ಹರಕೆ? ಅದು ಖಾಲಿ ಇರಬಾರದಲ್ಲ. ಮೂರು ದಿನ ಮುತ್ತುಗದ ಎಲೆಯ ಮುಂದೆ ಯಾರೂ ಕೂರಲಿಲ್ಲ. ಹೆಬ್ಬಾರರು ತಾವೂ ಉಣ್ಣಲಿಲ್ಲ. ನಾಲ್ಕನೆಯ ದಿನ ಸ್ಟೇಷನ್ನಿನಿಂದ ಒಬ್ಬ ಮುದುಕನನ್ನು ಕರೆತಂದು ಕೂರಿಸಿದರು. ಯಾವ ಊರಿನವನೋ, ಮಾತು ಕಡಿಮೆ. ಬಡಿಸುವ ಕೆಲಸ ಮಾಧವನಿಗೇ ಬಂತು. ಅಡಿಗೆಮನೆಯಲ್ಲಾದರೆ ಪ್ರತಿಯೊಂದು ಪಾತ್ರೆಯ ಜಾಗ ಅವನ ಕೈಗೆ ಗೊತ್ತಿತ್ತು. ಇಲ್ಲಿ ಮಂದ ಬೆಳಕಿನ ಕೋಣೆ, ಕಂದು ನೆಲ, ಅದೇ ಬಣ್ಣದ ಎಲೆ. ಸುಮಿತ್ರಮ್ಮ ದಿನಾ ಹತ್ತಿರವೇ ನಿಂತು, “ಇತ್ತ, ಸ್ವಲ್ಪ ಇತ್ತ,” ಎಂದು ಪಿಸುಗುಡುತ್ತಿದ್ದರು.

ಸುಮಿತ್ರಮ್ಮ ನೆಂಟರ ಮದುವೆಗೆಂದು ಬರೋಡಾಕ್ಕೆ ಹೋದ ದಿನ ಮಾಧವ ಕುದಿಯುವ ಸಾರನ್ನು ಮುದುಕನ ಕೈಮೇಲೆ ಸುರಿದ.

ಚೀರಿದ ಸದ್ದಿಗೆ ಹೆಬ್ಬಾರರು ಗಲ್ಲಾ ಬಿಟ್ಟು ಓಡಿ ಬಂದರು. ಮಾಧವ ಸೌಟು ಹಿಡಿದುಕೊಂಡು, ಮುದುಕನಿಲ್ಲದ ಕಡೆಗೆ ತಿರುಗಿ, ತಪ್ಪಾಯ್ತು ತಪ್ಪಾಯ್ತು ಎನ್ನುತ್ತಿದ್ದ. ಅಷ್ಟು ಸಾಕಾಯಿತು. ಹೆಬ್ಬಾರರು ಅವನ ಮುಖದ ಮುಂದೆ ಕೈಯಾಡಿಸಿ ನೋಡಿದರು, ಆಮೇಲೆ ಮೆಲ್ಲಗೆ ಕೂತರು.

“ಎಷ್ಟು ಸಮಯದಿಂದ ಮಾಧವ?”

ಹೆಬ್ಬಾರರು ಬೈಯಲಿಲ್ಲ, ದನಿ ಏರಿಸಲೂ ಇಲ್ಲ. “ನಾಳೆ ಗಿರಾಕಿಯ ಮೈಮೇಲೆ ಚೆಲ್ಲಿದರೆ ಎಂತ ಮಾಡುವುದು? ಊರಿನಿಂದ ಬೇರೆ ಅಡಿಗೆಯವರನ್ನು ಬರಹೇಳ್ತೇನೆ. ನಿನಗೆ ಸಲ್ಲಬೇಕಾದ್ದರಲ್ಲಿ ಒಂದು ಪೈಸೆ ಬಾಕಿ ಇಡ್ಲಿಕ್ಕಿಲ್ಲ. ಟಿಕೇಟು ಸಹ ನಾನೇ ತೆಗೆಸ್ತೇನೆ.”

“ಊರಲ್ಲಿ ನನಗೆ ಯಾರಿದ್ದಾರೆ ಧಣಿ?” ಎಂದ ಮಾಧವ. “ಸಂಬಳ ಬೇಡ. ನನ್ನ ಎಲೆ ನನಗೆ ಕೊಡಿ. ಮೂಲೆಯಲ್ಲಿ ಬಿದ್ದಿರ್ತೇನೆ.”

ಹೆಬ್ಬಾರರು ಮುದುಕನ ಕಡೆ ನೋಡಿದರು. ಅವರ ಕಣ್ಣಲ್ಲೂ ನೀರಿತ್ತು. “ಹರಕೆ ಒಬ್ಬನಿಗೆ ಅಂತ ಹೇಳಿದ್ದು. ಎಲೆ ಮುಂದೆ ಕೂತವರನ್ನು ಎಬ್ಬಿಸಲಿಕ್ಕೆ ಆಗ್ತದಾ ಮಾಧವ? ಆ ಪಾಪ ಬೇರೆ ಬೇಡ ನನಗೆ. ನಿನ್ನನ್ನು ದುಡಿಸಿಕೊಂಡು ದಾನ ಅಂದದ್ದೇ ಸಾಕು. ಪುನಃ ಎರಡನ್ನೂ ಕಲಸುವುದು ಬೇಡ, ಪ್ರೊಫೆಸರು ಹೇಳಿದ್ದು ಸರಿ.”

ಮುದುಕನಿಗೆ ಆ ಕನ್ನಡ ಒಂದು ಮಾತೂ ಅರ್ಥವಾಗಲಿಲ್ಲ. ಆದರೆ ತನ್ನ ಎಲೆಯ ಬಗ್ಗೆಯೇ ಏನೋ ನಡೆದಿದೆ ಎಂದು ತಿಳಿಯಿತು. ಸುಟ್ಟ ಕೈಯನ್ನು ನೀರಿನ ಲೋಟದಲ್ಲಿ ಅದ್ದಿಕೊಂಡು, ಇನ್ನೊಂದು ಕೈಯನ್ನು ಎಲೆಯ ಮೇಲೆ ಅಗಲವಾಗಿ ಊರಿ, ಯಾರಾದರೂ ಎಳೆದುಕೊಂಡಾರು ಎಂಬ ಭಯದಲ್ಲಿ ಕೂತಿದ್ದ.