ಆರನೆಯ ಮಣಿ

ಮೂಡುಬಿದಿರೆಯ ಸಂಜೀವ ಆಚಾರ್ರ ಅಂಗಡಿಯಲ್ಲಿ ಗಿರಾಕಿಗಳು ಬೀದಿ ನೋಡುವ ಹಾಗಿರಲಿಲ್ಲ. ಅವರ ಕುಲುಮೆಯ ಎದುರಿಗೆ, ಬೀದಿಗೆ ಬೆನ್ನು ಹಾಕಿ, ಒಂದು ಗಿಡ್ಡ ಬೆಂಚಿತ್ತು. ಚಿನ್ನ ತಂದವರು ಅದರ ಮೇಲೆ ಕೂತು ಅವರ ಕೈಯನ್ನೇ ನೋಡುತ್ತಿರಬೇಕು. ಹಿಂದೆ ಬಸ್ಸು ಹಾರನ್ ಹೊಡೆಯಿತೆಂದು ಕತ್ತು ತಿರುಗಿಸಿದರೆ ಸಾಕು, ಊದುಗೊಳವೆ ಬಾಯಿಂದ ಕೆಳಗಿಳಿಯುತ್ತಿತ್ತು.

"ನೀವು ಬಸ್ಸು ನೋಡಿ ಮುಗಿಸಿ. ಆಮೇಲೆ ನಾನು ಕೆಲಸ ಮಾಡ್ತೇನೆ."

ಮೈಮೇಲೆ ಕಿಸೆಯಿಲ್ಲದ ಬನಿಯನು, ಬುಡದವರೆಗೆ ಕತ್ತರಿಸಿದ ಉಗುರು. ಯಾರ ಚಿನ್ನವನ್ನೂ ಒಂದು ರಾತ್ರಿಗೂ ಇಟ್ಟುಕೊಂಡವರಲ್ಲ. ಕೆಲಸ ಮುಗಿದ ಮೇಲೆ ಗಿರಾಕಿಯ ಎದುರೇ ಹಲಗೆ ಗುಡಿಸಿ, ಆ ಕಸವನ್ನೂ ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದರು. "ನಿಮ್ಮದು ನಿಮಗೆ. ಕಸ ಆದ್ರೂ ನಿಮ್ಮದೇ" ಎನ್ನುವುದು ಅವರ ಮಾಮೂಲು ಮಾತು.

ಇದನ್ನೆಲ್ಲ ಬೇರೆಯವರು ಮೆಚ್ಚಿಕೊಳ್ಳುತ್ತಿದ್ದರೋ ಏನೋ, ನಮಗೆ ಮಾತ್ರ ಸಂಶಯ ಹೆಚ್ಚಾಯಿತು. ನಮ್ಮ ಮನೆತನವೇ ಅಂಥದ್ದು. ಅಮ್ಮ ಬಂಗುಡೆ ಕೊಳ್ಳುವಾಗ ಬುಟ್ಟಿಯ ಅಷ್ಟೂ ಮೀನಿನ ಕಿವಿರೆತ್ತಿ ನೋಡಿ, ಕೊನೆಗೆ ನಾಲ್ಕು ತೆಗೆದುಕೊಳ್ಳುವವಳು. ನಾನು ಬಂಟ್ವಾಳದ ಶಾಲೆಯಲ್ಲಿ ಕನ್ನಡ ಟೀಚರು. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಮಕ್ಕಳಿಗೆ ಹೇಳಿ ಹೇಳಿ ನನಗೇ ಅದು ಅಂಟಿಕೊಂಡಿತ್ತು. ಅಮ್ಮನಿಗೆ ಸಂಸ್ಕೃತದ ಹಂಗಿರಲಿಲ್ಲ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಎಂಬ ಗಾದೆಯನ್ನು ಒಂದು ದಿನ ಆಚಾರ್ರ ಮುಖಕ್ಕೇ ಹೇಳಿಬಿಟ್ಟಳು.

ಆಚಾರ್ರು ತಲೆ ಎತ್ತಲಿಲ್ಲ. "ನನಗೆ ಅಕ್ಕ ಇಲ್ಲ ಬಾಯಮ್ಮ. ಆದ್ರೂ ನೀವು ನೋಡ್ತಾ ಇರಿ" ಎಂದರು. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನೆಲ್ಲ ಬಾಯಮ್ಮ ಎಂದೇ ಕರೆಯುವುದು. ನನಗೆ ನಗು ತಡೆಯಲಾಗಲಿಲ್ಲ. ಅಮ್ಮ ನಗಲೂ ಇಲ್ಲ, ರೆಪ್ಪೆ ಬಡಿಯಲೂ ಇಲ್ಲ.

ನಮಗೂ ಅವರಿಗೂ ಇದ್ದ ನಂಟು ಒಂದು ಕೊಂತಿಯದು. ಕೊಂತಿ ಎಂದರೆ ನಮ್ಮ ಕೊಂಕಣಿಯಲ್ಲಿ ಜಪಸರ. ಅಜ್ಜಿಯ ಅಜ್ಜಿಯ ಕಾಲದಿಂದ ಸಿದ್ಧಕಟ್ಟೆಯ ನಮ್ಮ ಮನೆಯಲ್ಲಿ ಹೆಣ್ಣಿನಿಂದ ಹೆಣ್ಣಿಗೆ ಬಂದದ್ದು. ಐವತ್ತಮೂರು ಹವಳದ ಮಣಿ, ನಡುನಡುವೆ ಆರು ದಪ್ಪ ಚಿನ್ನದ ಮಣಿ, ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಚಿನ್ನದ ತಂತಿ ಹೆಣೆದು ಮಾಡಿದ ಶಿಲುಬೆ. "ಒಟ್ಟು ಐದು ಪವನು" ಎಂದು ಅಮ್ಮ ನೆಂಟರಿಗೆಲ್ಲ ಹೇಳುತ್ತಿದ್ದಳು; ಪವನು ಎಂದರೆ ಎಂಟು ಗ್ರಾಂ. ಈಗ ಅಂಥದ್ದನ್ನು ಮಾಡುವವರೇ ಇಲ್ಲ. ರಿಪೇರಿ ಮಾಡಬಲ್ಲವರು ಆಚಾರ್ರೊಬ್ಬರೇ. ಬೆಳ್ತಂಗಡಿಯ ಕಡೆಯಿಂದಲೂ ಹಳೆಯ ಕೊಂತಿ ಹಿಡಿದುಕೊಂಡು ಅವರ ಬೆಂಚಿಗೆ ಬರುತ್ತಿದ್ದರು.

ಏಳು ವರ್ಷದ ಹಿಂದೆ ಆ ಚಿನ್ನದ ಮಣಿಗಳ ತೂತಿನಿಂದ ಎಂಥದ್ದೋ ಕಪ್ಪು ಪುಡಿ ಉದುರಿ ಅಮ್ಮನ ಬೆರಳಿಗೆ ಹತ್ತತೊಡಗಿತು. ಅಮ್ಮನೂ ನಾನೂ ಮೂಡುಬಿದಿರೆಗೆ ಹೋದೆವು. ಆಚಾರ್ರು ಒಂದೊಂದೇ ಮಣಿ ಬಿಡಿಸಿ, ಬಿಸಿ ಮಾಡಿ, ಕಡ್ಡಿಯಿಂದ ಕೆದಕಿ, ತೊಳೆದು ಪುನಃ ಕಟ್ಟುತ್ತಿದ್ದರು. ಐದನೆಯದನ್ನು ಕಟ್ಟಿದ್ದರಷ್ಟೆ, ಇಗರ್ಜಿಯಲ್ಲಿ ಹನ್ನೆರಡರ ಗಂಟೆ ಹೊಡೆಯಿತು. ಆ ಗಂಟೆ ಕೇಳಿದರೆ ನಾವು ಎಲ್ಲಿದ್ದರೂ ಎದ್ದು, ಕಣ್ಣು ಮುಚ್ಚಿ ಪ್ರಾರ್ಥಿಸುವುದು ರೂಢಿ. ಇಬ್ಬರೂ ಎದ್ದೆವು, ಕಣ್ಣು ಮುಚ್ಚಿದೆವು. ಆಮೆನ್ ಎಂದದ್ದೇ ಅಮ್ಮನಿಗೆ ದಿಗಿಲು ಹತ್ತಿತು.

"ಒಮ್ಮೆ ತೂಕ ಮಾಡಿ ನೋಡುವ ಆಚಾರ್ರೇ."

ತಕ್ಕಡಿ ಅರ್ಧ ಪವನು ಕಮ್ಮಿ ತೋರಿಸಿತು!

"ಅರಗು ಹೋಯ್ತಲ್ಲ ಬಾಯಮ್ಮ, ತೂಕ ಇಳಿಯದೆ ಉಂಟಾ?" ಎಂದರು ಆಚಾರ್ರು. "ಮಣಿ ಒಳಗೆ ಟೊಳ್ಳು. ಹಿಂದಿನವರು ಅರಗು ತುಂಬಿಸಿ ಗಟ್ಟಿ ಮಾಡ್ತಿದ್ರು. ಅದು ಹಳತಾಗಿ ಪುಡಿಯಾಗಿದೆ. ಆರನೆಯದೂ ಆದ ಮೇಲೆ ಹೊಸತು ತುಂಬಿಸ್ತೇನೆ. ಇಗೊಳ್ಳಿ, ತೆಗೆದದ್ದೆಲ್ಲ ಇಲ್ಲಿ ಉಂಟು. ಸೇರಿಸಿ ತೂಗಿ." ಕಾಗದದ ಮೇಲೆ ಕಪ್ಪು ಪುಡಿ ಮುಂದೆ ಸರಿಸಿದರು.

"ಚಿನ್ನ ತೆಗ್ದು ಮಣ್ಣು ಕೊಡುವುದಾ? ನನ್ನ ಅಮ್ಮ ಐದು ಪವನು ಚಿನ್ನ ಹೇಳಿಯೇ ಕೊಟ್ಟದ್ದು. ಕಣ್ಣು ಮುಚ್ಚಿದಾಗಲೇ ಕೈ ಆಡಿಸಿದ್ದು ನೀವು!"

"ನೀವು ಕಣ್ಣು ಮುಚ್ಚಿದಾಗ ನಾನು ಕೈ ಕಟ್ಟಿ ಕೂತಿದ್ದೆ. ದೇವರಾಣೆ."

"ಯಾರು ನೋಡಿದ್ದು?"

ಆಚಾರ್ರು ನನ್ನ ಮುಖ ನೋಡಿದರು. ಓದಿದವಳು, ಒಂದು ಮಾತು ಹೇಳಿಯಾಳು ಎಂದುಕೊಂಡಿರಬೇಕು. ನಾನೂ ಸಂಶಯದಿಂದಲೇ ಅವರನ್ನು ನೋಡಿದೆ. ಅಮ್ಮ ಕೊಂತಿಯನ್ನು ಕಿತ್ತುಕೊಂಡು ಬೀದಿಗಿಳಿದಳು.

ಮುಂದಿನ ಭಾನುವಾರ ಇಗರ್ಜಿಯ ಅಂಗಳದಲ್ಲಿ ಅಮ್ಮ ಹೇಳಿದಳು. ಸೋಮವಾರ ಶಾಲೆಯ ಸ್ಟಾಫ್ ರೂಮಿನಲ್ಲಿ ನಾನು ಹೇಳಿದೆ. ಒಬ್ಬರ ಬಾಯಿಗೆ ಬಿದ್ದದ್ದು ಊರಿಗೇ ಬಿತ್ತು. ಹೇಳುವಾಗ ನಾವು ಅರಗಿನ ಸುದ್ದಿ ಎತ್ತುತ್ತಿರಲಿಲ್ಲ, ಕಣ್ಣು ಮುಚ್ಚಿದ ಸುದ್ದಿ ಮಾತ್ರ ಹೇಳುತ್ತಿದ್ದೆವು. ಕೊಂತಿ ಹಿಡಿದುಕೊಂಡು ಅವರ ಬೆಂಚಿಗೆ ಹೋಗುವವರು ನಿಂತೇಹೋದರು. ಒಮ್ಮೆ ಬಸ್ಸಿನಿಂದ ನೋಡಿದೆ: ಬೆಂಚು ಖಾಲಿ, ಆಚಾರ್ರು ಬೀದಿಯನ್ನೇ ನೋಡುತ್ತಾ ಕೂತಿದ್ದರು. ಒಳ್ಳೆಯದೇ ಆಯಿತು ಎಂದುಕೊಂಡೆ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕಳೆದ ವರ್ಷ ಅಮ್ಮ ತೀರಿಕೊಂಡಳು. ಶವದ ಕೈಗೆ ಕೊಂತಿ ಸುತ್ತಿದೆವು. ಪೆಟ್ಟಿಗೆ ಮುಚ್ಚುವ ಮುಂಚೆ ಚಿನ್ನದ್ದನ್ನು ಬಿಡಿಸಿ ಪ್ಲಾಸ್ಟಿಕ್ಕಿನದು ಸುತ್ತುವುದು ನಮ್ಮಲ್ಲಿ ರೂಢಿ. ಹಾಗೆ ಅದು ನನ್ನ ಕೈಗೆ ಬಂತು. ಸಂಜೆ ಜಪ ಮಾಡುವಾಗ ಬೆರಳಿಗೆ ಒಂದು ವಿಷಯ ತಿಳಿಯಿತು. ಆರು ಚಿನ್ನದ ಮಣಿಗಳಲ್ಲಿ ಐದು ಹಗುರ, ಕೊನೆಯದೊಂದೇ ಭಾರ. ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ. ಐದನ್ನು ಬದಲಾಯಿಸಿದ್ದಾನೆ, ಆರನೆಯದಕ್ಕೆ ಪುರುಸೊತ್ತು ಸಿಕ್ಕಿಲ್ಲ! ಆರು ತಿಂಗಳು ಆ ಮಣಿ ಬೆರಳಿಗೆ ಬಂದಾಗಲೆಲ್ಲ 'ಪರಲೋಕದ ತಂದೆಯೇ' ಎನ್ನುತ್ತಲೇ ಆಚಾರ್ರನ್ನು ಬೈದೆ.

ಮೊನ್ನೆ ಕೊಂತಿ ಕೈಜಾರಿ ಕಲ್ಲಿನ ಮೆಟ್ಟಿಲಿಗೆ ಬಿತ್ತು. ಆರನೆಯ ಮಣಿ ಬೆಸುಗೆಯಲ್ಲಿ ಬಿರಿಯಿತು. ಒಳಗಿನಿಂದ ಕಪ್ಪು ಪುಡಿ ಸುರಿಯಿತು. ಸುರಿದ ಮೇಲೆ ಅದೂ ಉಳಿದ ಐದರಷ್ಟೇ ಹಗುರ. ಅಮ್ಮನ ಐದು ಪವನಿನಲ್ಲಿ ಈ ಅರಗಿನ ತೂಕವೂ ಸೇರಿತ್ತು.

ಮರುದಿನ ಮೂಡುಬಿದಿರೆಗೆ ಹೋದೆ. ಕುಲುಮೆಯಲ್ಲಿ ಬೂದಿಯೂ ಇರಲಿಲ್ಲ. ಆಚಾರ್ರು ತೀರಿಹೋಗಿ ಮೂರು ತಿಂಗಳಾಯಿತೆಂದು ಅವರ ಹೆಂಡತಿ ಹೇಳಿದರು. ನಾನು ಯಾರೆಂದು ಹೇಳಿ, ಬಿರಿದ ಮಣಿ ತೋರಿಸಿ, "ತಪ್ಪು ನಮ್ಮದು ಅಕ್ಕ" ಎಂದೆ. ಅವರು ಒಳಗೆ ಹೋಗಿ ಒಂದು ಪೊಟ್ಟಣ ತಂದರು. ಮೇಲೆ ಆಚಾರ್ರ ಅಕ್ಷರದಲ್ಲಿ ಬರೆದಿತ್ತು: 'ಸಿದ್ಧಕಟ್ಟೆ ಬಾಯಮ್ಮ. ಐದು ಮಣಿಯ ಅರಗು. ಕೊಡ್ಲಿಕ್ಕೆ ಉಂಟು.'

ನಾನು ಕೈ ಚಾಚಿದೆ. ಅವರು ಕೊಡಲಿಲ್ಲ.

"ಮೊದಲು ತೂಕ ಮಾಡುವ."

"ಬೇಡ ಅಕ್ಕ, ನಂಬಿಕೆ ಉಂಟು."

"ನಿಮ್ಮ ನಂಬಿಕೆ ನಿಮ್ಮ ಹತ್ರ ಇರ್ಲಿ. ಆಮೇಲೆ ಕಮ್ಮಿ ಉಂಟು ಹೇಳಿದ್ರೆ ಉತ್ತರ ಕೊಡ್ಲಿಕ್ಕೆ ಅವರಿಲ್ಲ. ಬೆಂಚಲ್ಲಿ ಕೂತ್ಕೊಳ್ಳಿ."

ಕೂತೆ. ಅವರು ತಕ್ಕಡಿ ಎತ್ತುವಷ್ಟರಲ್ಲಿ ಹನ್ನೆರಡರ ಗಂಟೆ ಹೊಡೆಯಿತು. ಅಭ್ಯಾಸಬಲದಿಂದ ಎದ್ದು ಕಣ್ಣು ಮುಚ್ಚಿದೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗದಲ್ಲ, ಪ್ರಾರ್ಥನೆಯ ನಡುವೆ ಒಂದು ಕಣ್ಣು ತಾನಾಗಿ ತೆರೆಯಿತು. ಆಕೆ ತಕ್ಕಡಿ ಕೆಳಗಿಟ್ಟು, ಹಿಂದೆ ಸರಿದು, ಎರಡೂ ಕೈ ಎದೆಗೆ ಕಟ್ಟಿ ಕೂತಿದ್ದರು.

ನಾನು ನೋಡಿದ್ದು ಅವರಿಗೆ ಗೊತ್ತಾಯಿತು.

"ಅವರು ಕಲಿಸಿದ್ದು," ಎಂದರು. "ಬಾಯಮ್ಮನವರು ಕಣ್ಣು ಮುಚ್ಚಿದಾಗ ನಮ್ಮ ಕೈ ಚಿನ್ನದ ಹತ್ರ ಇರ್ಬಾರ್ದು ಹೇಳಿ."

ಗಂಟೆ ನಿಂತಿತು. ಆಕೆ ತಕ್ಕಡಿ ಎತ್ತಿದರು. ಮುಳ್ಳು ಅಲುಗಾಡಿ ನೇರ ನಿಂತಿತು. ಅರ್ಧ ಪವನು.

"ನೋಡಿದ್ರಲ್ಲ?"

"ನೋಡಿದೆ" ಎಂದೆ.