ಗೋಡೆಯಂಚಿನ ಒಣ ಪಟ್ಟಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾನ್ವೆಂಟ್ ಹೈಸ್ಕೂಲಿನ ಹಳೇ ಕಟ್ಟಡದಲ್ಲಿ ಆಯಮ್ಮ ನೆಲ ಒರೆಸುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದಾರೆ. ಹತ್ತನೇ ಕ್ಲಾಸಿನಿಂದ ಚಾಪೆಲ್ ಬಾಗಿಲವರೆಗೆ ಕಾರಿಡಾರೆಲ್ಲ ಒದ್ದೆ. ಎಡಗೋಡೆಯ ಪಕ್ಕದ ಒಂದಡಿ ಪಟ್ಟಿಗೆ ಮಾತ್ರ ನೀರು ತಾಗಿಸುವುದಿಲ್ಲ, ಅಲ್ಲಿಗೆ ಒಣಬಟ್ಟೆಯೇ ಆಗಬೇಕು.

"ಸೋಮಾರಿತನ ಅಂದ್ಕೋಬೇಡಿ ಮತ್ತೆ. ದೊಡ್ಡ ಸಿಸ್ಟರ್ ಓಡಾಡೋ ಜಾಗ ಇದು" ಎನ್ನುತ್ತಾರೆ.

ದೊಡ್ಡ ಸಿಸ್ಟರ್ ಈ ಶಾಲೆ ಕಟ್ಟಿದವರು. ತಗಡಿನ ಶೆಡ್ಡಿನಲ್ಲಿ ಬೆರಳೆಣಿಕೆಯ ಹುಡುಗಿಯರಿಂದ ಶುರುಮಾಡಿ, ಮನೆಮನೆ ತಿರುಗಿ ಅಪ್ಪಂದಿರ ತಲೆ ತಿಂದು, ಮೂರು ಮಹಡಿ ಎಬ್ಬಿಸಿದ ಗಟ್ಟಿಗಿತ್ತಿ. ಕೊನೆಗಾಲಕ್ಕೆ ಮಂಡಿ ಕೈಕೊಟ್ಟಿತು. ಬರಿಗಾಲಲ್ಲಿ, ಬಲಗಾಲು ಎಳೆಯುತ್ತಾ, ಗೋಡೆ ಹಿಡಿದುಕೊಂಡು ಬೆಳಗಿನ ಪ್ರಾರ್ಥನೆಗೆ ಹೋಗುತ್ತಿದ್ದರು. ಅವರು ಜಾರಬಾರದೆಂದು ಈ ಪಟ್ಟಿ. ತೀರಿಕೊಂಡು ಹನ್ನೆರಡು ವರ್ಷವಾಯಿತು.

ಗಂಡ ಸತ್ತ ವರ್ಷ ಕೈಗೂಸನ್ನು ಸೊಂಟಕ್ಕೇರಿಸಿಕೊಂಡು ಗೇಟಿನ ಬಳಿ ನಿಂತಿದ್ದ ಆಯಮ್ಮನನ್ನು ಒಳಗೆ ಕರೆದವರು ಅವರೇ. ಆ ಕೂಸು ಇಲ್ಲೇ ಓದಿ ಈಗ ನರ್ಸ್ ಆಗಿದೆ. "ಅವ್ರ ಋಣ ತೀರ್ಸೋಕಾಗುತ್ತಾ? ನನ್ ಕೈಲಾಗೋದು ಇಷ್ಟೇ."

ಆ ಇಷ್ಟಕ್ಕೂ ಈಗ ಸಂಚಕಾರ ಬಂದಿದೆ. ಮುಂದಿನ ತಿಂಗಳಿಂದ ನೆಲ ಒರೆಸುವುದು ಕಂಟ್ರಾಕ್ಟರನ ಯಂತ್ರ. ಹೋದ ಭಾನುವಾರ ಅವನ ಆಳುಗಳು ಬಂದು, ಗೋಡೆಯಿಂದ ಗೋಡೆಗೆ ಒರೆಸಿ ನೋಡಿ, ಬಾಗಿಲಿಗೆ ಬೀಗ ಹಾಕಿ ಟೀಗೆ ಹೋದರು. ಆಯಮ್ಮನ ಜತೆ ಬಂದು ಬೀಗ ತೆಗೆದರೆ, ಒದ್ದೆ ನೆಲದ ಮೇಲೆ ಬರಿಗಾಲಿನ ಗುರುತು! ಒಂದು ಹೆಜ್ಜೆ ನೆಟ್ಟಗೆ, ಇನ್ನೊಂದು ಎಳೆದದ್ದು. ಅರ್ಧದಾರಿಯಲ್ಲಿ ಉದ್ದಕ್ಕೆ ಜಾರಿದ ಗೀಟು, ಪಕ್ಕದ ಗೋಡೆಯಲ್ಲಿ ಐದು ಬೆರಳಿನ ಒದ್ದೆ. ಆಳುಗಳು ಯಂತ್ರ ಅಲ್ಲೇ ಬಿಟ್ಟು ಕಾಲಿಗೆ ಬುದ್ಧಿ ಹೇಳಿದರು.

ಈಗಿನ ಹೆಡ್‌ಮಿಸ್ ಇದನ್ನು ನಂಬುವುದಿಲ್ಲ. "ಯಾರೋ ಮಕ್ಳ ತರ್ಲೆ" ಎನ್ನುತ್ತಾರೆ. ಭಾನುವಾರ ಯಾವ ಮಕ್ಕಳು ಎಂದು ಕೇಳಿದರೆ ಮಾತು ಬದಲಿಸುತ್ತಾರೆ. ಗೋಡೆಯ ಬದಿಗೆ ಮಾತ್ರ ಅವರೂ ಕಾಲಿಡುತ್ತಿಲ್ಲ.

ಆಯಮ್ಮನಿಗೆ ಹೆದರಿಕೆ ಆಗಲಿಲ್ಲವೇ?

"ಅಯ್ಯೋ, ಆಗ್ದೆ ಇರುತ್ತಾ? ಅವ್ರೆಲ್ಲಾದ್ರೂ ಬಿದ್ಬಿಟ್ರಾ ಅಂತ."

ಬಟ್ಟೆ ಹಿಂಡಿ ಬಕೆಟ್ ಎತ್ತಿಕೊಳ್ಳುತ್ತಾರೆ. "ನನ್ ಕೆಲ್ಸ ಹೋದ್ರೆ ಹೋಗ್ಲಿ, ಮಗಳಿದ್ದಾಳೆ. ಪೇಪರ್‌ನಲ್ಲಿ ಒಂದ್ಮಾತು ಬರೀರಿ, ಆ ಮಿಷನ್‌ನವ್ರು ಗೋಡೆ ಪಕ್ಕ ಒಂದಡಿ ಬಿಡ್ಲಿ. ಅಷ್ಟೇ ಸಾಕು."

ಚಾಪೆಲ್ ಕಡೆ ಒಮ್ಮೆ ನೋಡಿ, ದನಿ ತಗ್ಗಿಸುತ್ತಾರೆ. "ಸ್ವಲ್ಪ ಈಚೆ ಬನ್ನಿ, ದಾರಿ ಬಿಡಿ. ಪ್ರಾರ್ಥನೆ ಹೊತ್ತಾಯ್ತು."