ಉಪ್ಪಿನಕಾಯಿ ಡಬ್ಬಿಯ ಕೆಂಪು ದೀಪ

ನನಗೆ ನೀರು ಅಂದ್ರೆ ಭಯ. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಯಾರೂ ನಗಬಾರದು. ಭದ್ರಾವತಿಯಲ್ಲಿ ಹುಟ್ಟಿ, ಹೊಳೆಯಿಂದ ಕೂಗಳತೆ ದೂರದಲ್ಲೇ ಬೆಳೆದೂ ಮೊಣಕಾಲಿನ ಮೇಲೆ ನೀರಿಗೆ ಇಳಿದವಳಲ್ಲ ನಾನು. ಅಂಥವಳಿಗೆ ಗಂಟುಬಿದ್ದ ಗಂಡ, ಕಾರ್ಖಾನೆಯಿಂದ ರಿಟೈರ್ ಆದ ಮೇಲೆ ಹಿತ್ತಲಲ್ಲಿ ಹಾಯಿದೋಣಿ ಕಟ್ಟೋಕೆ ಕೂತರು.

ಅವರದ್ದು ಕ್ರೇನ್ ಕೆಳಗೆ ನಿಂತು ಸಿಗ್ನಲ್ ಕೊಡೋ ಕೆಲಸವಾಗಿತ್ತು. ಮೇಲೆ ಕೂತ ಡ್ರೈವರಿಗೆ ಆ ಗದ್ದಲದಲ್ಲಿ ಕೂಗಿದ್ದು ಕೇಳಿಸೋದಿಲ್ಲ, ಕೈಯಲ್ಲೋ ಟಾರ್ಚಲ್ಲೋ ಹೇಳಬೇಕು. ಮನೆಯಲ್ಲೂ ಅದೇ ಚಾಳಿ. ಸಾರು ಸಾಕು ಅನ್ನೋದಕ್ಕೆ ತಟ್ಟೆಯ ಮೇಲೆ ಅಂಗೈ ಅಡ್ಡ ಬೀಸೋರು, ಬಾಯಿ ಬಿಡ್ತಿರಲಿಲ್ಲ. "ಬಾಯಲ್ಲೇನು ಅವರೆಕಾಳು ಇಟ್ಕೊಂಡಿದ್ದೀರಾ?" ಅಂತ ನಾನು ಬೈಯೋದು. ಮದುವೆಯಾದ ಲಾಗಾಯ್ತು ನಡೆದಿದ್ದೇ ಇದು.

ಫೋನಲ್ಲಿ ವಿಡಿಯೋ ನೋಡಿ ನೋಡಿ, ಪ್ಲೈವುಡ್ ಕೊಯ್ದು, ಅಂಟು ಬಳಿದು, ಒಂಬತ್ತು ತಿಂಗಳಲ್ಲಿ ದೋಣಿ ಎಬ್ಬಿಸಿದರು. ಹೆತ್ತಿದ್ದರೂ ಅಷ್ಟೇ ದಿನ ಹಿಡೀತಿತ್ತು. ಹಾಯಿಗೆ ಹಳೇ ಫ್ಲೆಕ್ಸ್ ಬ್ಯಾನರ್. ಯಾವನದೋ ಹುಟ್ಟುಹಬ್ಬದ ಶುಭಾಶಯ ತಲೆಕೆಳಗಾಗಿ ಅದರ ಮೇಲೆ ಹಾಗೇ ಇತ್ತು. ನೀರಿಗಿಳಿಸೋದು ಭದ್ರಾ ಹಿನ್ನೀರಿಗೆ ಅಂದಾಗ ಸುತರಾಂ ಬೇಡ ಅಂದೆ. ಅಲ್ಲಿ ಆಚೆ ದಡ ಕಾಣೋದಿಲ್ಲ, ಮುಳುಗಿದ ಮರಗಳ ಮೋಟು ನೀರೊಳಗೇ ನಿಂತಿವೆ, ಮೊಸಳೆ ಬೇರೆ.

"ಅಪಾಯದ ದೀಪ ಇಲ್ಲದೆ ಹೋದ್ರೆ ನನ್ನ ಹೆಣ ದಾಟ್ಕೊಂಡು ಹೋಗಿ," ಅಂದೆ.

"ಮಾರಾಯ್ತಿ, ದೀಪ ನಿನ್ನ ಡಿಪಾರ್ಟ್‌ಮೆಂಟು," ಅಂದರು.

ಅದೂ ನಿಜವೇ. ಮನೆಯ ಮುಂದಿನ ಕೋಣೆಯಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿ ಮಾಡೋಳು ನಾನು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನಾನು ಯಾವಾಗಲೂ ಸಾಮಾನು ತರೋ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವರು ನಕ್ಕರು. "ಅಕ್ಕ, ದೋಣಿ ದೀಪ ಅಂದ್ರೆ ಸಮುದ್ರದ ಕಡೆಯಿಂದ ತರಿಸಬೇಕು. ಆ ದುಡ್ಡಿಗೆ ಹೊಸ ಗ್ರೈಂಡರೇ ಬರತ್ತೆ." ಬೇಡ, ನಾನೇ ಮಾಡ್ತೀನಿ ಅಂದೆ. ಕೆಂಪು ಎಲ್‌ಇಡಿ ಕೊಟ್ಟರು. ಮಿಣುಕಿಸೋ ಸಣ್ಣ ಸರ್ಕ್ಯೂಟ್ ತೋರಿಸಿ, "ಇದನ್ನೂ ಹಾಕಿ, ಚೆನ್ನಾಗಿರತ್ತೆ," ಅಂದರು. "ಅಯ್ಯೋ, ಗಣಪತಿ ಪೆಂಡಾಲಾ ಇದು?" ಅಂತ ತಳ್ಳಿಬಿಟ್ಟೆ. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ನಮೂನೆ ಮಾತ್ರ ನನ್ನದಲ್ಲ. ಹಿನ್ನೀರು ನೋಡೋಕೆ ಮೊದಲ ಸಲ ಹೋದಾಗ, ದಡದಲ್ಲಿ ಮೀನು ಹಿಡಿಯೋರ ಗುಡಿಸಲ ಮುಂದೆ ಒಬ್ಬ ಹೆಂಗಸು ಪ್ಲಾಸ್ಟಿಕ್ ಬಾಟಲಿಗಳೊಳಗೆ ಪುಟ್ಟ ಕೆಂಪು ದೀಪ ಇಟ್ಟು, ಬಾಯಿಗೆ ಸೈಕಲ್ ಟ್ಯೂಬ್ ಸುತ್ತಿ ಬಿಗಿಯುತ್ತಾ ಕೂತಿದ್ದಳು. ಒಂದು ಹನಿ ನೀರು ಒಳಗೆ ಹೋಗದಂಥ ಕೆಲಸ. ನೀರಿನ ಮೇಲೇ ಬದುಕೋ ಜನ ಮಾಡೋ ದೀಪ, ಇದಕ್ಕಿಂತ ಬೇಕಾ ಅಂದ್ಕೊಂಡೆ. ಯಾತಕ್ಕಮ್ಮಾ ಇದು ಅಂತ ಒಂದು ಮಾತು ಕೇಳಲಿಲ್ಲ. ರಿಪೇರಿಯವಳ ಜಂಬ ನೋಡಿ, ಕಣ್ಣಲ್ಲಿ ನೋಡಿದ್ದು ಕೈಯಲ್ಲಿ ಬಂದುಬಿಡತ್ತೆ ಅನ್ನೋದು. ಕೇಳಿದ್ದರೆ ಬಾಯಿ ಸವೀತಿತ್ತಾ?

ಮನೆಗೆ ಬಂದು ಉಪ್ಪಿನಕಾಯಿ ಡಬ್ಬಿ ತೊಳೆದು, ಒಳಗೆ ಎಲ್‌ಇಡಿ ಕೂರಿಸಿ, ಕೆಟ್ಟ ಸೊಳ್ಳೆ ಬ್ಯಾಟಿನ ಬ್ಯಾಟರಿ ಹಾಕಿ, ಮುಚ್ಚಳಕ್ಕೆ ಟ್ಯೂಬ್ ಬಿಗಿದೆ. ಒಂದು ರಾತ್ರಿಯಿಡೀ ನೀರಿನ ಬಕೆಟ್ಟಲ್ಲಿ ಮುಳುಗಿಸಿಟ್ಟೆ. ಬೆಳಗ್ಗೆಯೂ ಉರೀತಾನೇ ಇತ್ತು. ಹೆಮ್ಮೆಯಿಂದ ಬೀಗಿದೆ.

ಎರಡು ಸಲ ಅವರೊಬ್ಬರೇ ದೋಣಿ ಬಿಟ್ಟರು, ನಾನು ದಡದಲ್ಲಿ ದೇವರ ಹೆಸರು ಹೇಳ್ತಾ ಕೂತಿದ್ದೆ. ಮೂರನೇ ಸಲ ಹಠ ಹಿಡಿದರು. "ನೀನೇ ಮಾಡಿದ ದೀಪದ ಮೇಲೆ ನಿನಗೇ ನಂಬಿಕೆ ಇಲ್ವಾ?" ಆ ಮಾತಿಗೆ ರೋಷ ಬಂತು. ತೇಲೋ ಜಾಕೆಟ್ ಬಿಗಿದುಕೊಂಡು ಹತ್ತಿದೆ, ತಳದಲ್ಲಿ ಕುಕ್ಕರುಗಾಲಲ್ಲಿ ಕೂತೆ, ಅಂಚನ್ನ ಹಿಡಿದ ಕೈ ಬಿಡಲಿಲ್ಲ.

ಸಂಜೆ ತನಕ ಗಾಳಿ ತಣ್ಣಗಿತ್ತು. ವಾಪಸ್ ತಿರುಗೋ ಹೊತ್ತಿಗೆ ಎಲ್ಲಿಂದಲೋ ಒಮ್ಮೆಲೇ ಬೀಸಿತು. ಹಾಯಿಯ ಕೆಳಗಿನ ಬಿದಿರು ಗಿರ್ರಂತ ತಿರುಗಿ ಅವರ ಕಿವಿಯ ಹಿಂದೆ ಬಡೀತು. ಆ ಸದ್ದು ಹೇಗಿತ್ತು ಅಂತ ಹೇಳೋಕೆ ನನಗೆ ಇಷ್ಟವಿಲ್ಲ. ಅವರು ನನ್ನ ಕಾಲ ಮೇಲೆ ಬಿದ್ದರು. ಅದೇ ಗಳಿಗೆಯಲ್ಲಿ ಹಾಯಿಕಂಬವೂ ಬುಡದಿಂದ ಮುರಿದು ಬ್ಯಾನರ್ ಸಮೇತ ನೀರಿಗೆ ಹೋಯ್ತು, ಹುಟ್ಟುಗೋಲನ್ನೂ ಎಳ್ಕೊಂಡು ಹೋಯ್ತು.

"ರೀ! ರೀ!" ಕಣ್ಣು ಅರ್ಧ ತೆರೆದಿತ್ತು, ನೋಟ ಇರಲಿಲ್ಲ. ಸೆರಗನ್ನ ಗಾಯಕ್ಕೆ ಒತ್ತಿ ಹಿಡಿದೆ, ಬಿಸಿ ರಕ್ತ ಬೆರಳ ಸಂದಿಯಲ್ಲಿ ಇಳೀತಾನೇ ಇತ್ತು. ಫೋನಲ್ಲಿ ಒಂದು ಕಡ್ಡಿಯೂ ಸಿಗ್ನಲ್ ಇಲ್ಲ. ಸೂರ್ಯ ಮುಳುಗಿದ್ದ. ಆಸ್ಪತ್ರೆ ಸೇರದಿದ್ರೆ ಇವರು ಇಲ್ಲೇ ಹೋಗ್ತಾರೆ ಅನ್ನೋದೊಂದೇ ತಲೆಯಲ್ಲಿ. ದೋಣಿಯ ಮೂತಿಗೆ ಒಂದು ಮೊಳದ ಕೋಲು ಕಟ್ಟಿ, ಅದಕ್ಕೆ ದೀಪವನ್ನ ತಂತಿಯಿಂದ ಬಿಗಿದಿದ್ದೆ. ಸ್ವಿಚ್ ಒತ್ತಿದೆ. ಹತ್ತಿಕೊಂಡಿತು! ಕೆಂಪಗೆ, ನಿಶ್ಚಲವಾಗಿ. ಅಳು ಬಂತು ನನಗೆ, ಸಂತೋಷಕ್ಕೆ.

ಸ್ವಲ್ಪ ಹೊತ್ತಿಗೆ ಒಂದು ತೆಪ್ಪ ಕಾಣಿಸಿತು. ಅದರಲ್ಲೊಂದು ಟಾರ್ಚು. ನೇರ ನಮ್ಮ ಕಡೆಗೇ ಬಂತು. ಬಂತು, ಬಂತು ಅಂದ್ಕೊಳ್ಳುವಷ್ಟರಲ್ಲಿ ಸರ್ರಂತ ಪಕ್ಕಕ್ಕೆ ತಿರುಗಿ, ದೊಡ್ಡ ಸುತ್ತು ಹಾಕಿ ಹೋಗಿಬಿಡ್ತು. ನಾನು ಕಿರುಚಿದೆ. ಎದುರುಗಾಳಿ, ನನ್ನ ದನಿ ನನ್ನ ಬಾಯಿಗೇ ವಾಪಸ್ ಬಂತು. ಇನ್ನೊಂದು ತೆಪ್ಪ ಬಂತು. ಅದೂ ಹಾಗೇ. ದೀಪ ನೋಡಿದರು, ತಿರುಗಿದರು, ಹೋದರು. ಅವರಿಗೆ ಕೊಟ್ಟ ಶಾಪ ಒಂದಾ ಎರಡಾ! ನಿಮ್ಮ ವಂಶ ನಿರ್ವಂಶವಾಗ ಅಂದೆ. ಕತ್ತಲು ಕವಿದು, ದೂರದಲ್ಲಿ ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕಿ ಕಾಣೋಕೆ ಶುರುವಾಯ್ತು. ನನ್ನ ದೀಪದ ಹಾಗೇ, ಅಲ್ಲಾಡದೆ ನಿಂತ ಚುಕ್ಕಿಗಳು. ಅವು ಏನು ಅಂತ ಯೋಚಿಸೋ ಸ್ಥಿತಿಯಲ್ಲಿ ನಾನಿರಲಿಲ್ಲ.

ಆಗ ಇವರ ತುಟಿ ಅಲ್ಲಾಡಿತು. ಕಿವಿ ಹತ್ತಿರ ತಂದೆ.

"ಅಡ್ಡ... ಅಡ್ಡ ಬೀಸು."

ಅಷ್ಟೇ. ಮತ್ತೆ ತುಟಿ ನಿಂತಿತು. ಅವರು ಕಾರ್ಖಾನೆಯಲ್ಲಿದ್ದರೋ ದೋಣಿಯಲ್ಲಿದ್ದರೋ ದೇವರಿಗೇ ಗೊತ್ತು. ನಾನು ಹಲ್ಲಲ್ಲಿ ಕಚ್ಚಿ ತಂತಿ ಬಿಚ್ಚಿದೆ. ಕೂತು ಬೀಸಿದರೆ ಯಾರಿಗೂ ಕಾಣೋದಿಲ್ಲ, ನಿಲ್ಲಬೇಕು. ಆ ಅಲ್ಲಾಡೋ ಹಲಗೆಯ ಮೇಲೆ, ಸುತ್ತಲೂ ಕಪ್ಪು ನೀರು ಇಟ್ಟುಕೊಂಡು ನಾನು ಎದ್ದು ನಿಲ್ಲಬೇಕು. ಅಮ್ಮಾ ತಾಯೀ ಅಂತ ಕಣ್ಣು ಮುಚ್ಚಿ ಎದ್ದೆ. ಕಾಲಗಲಿಸಿ ನಿಂತು, ಡಬ್ಬಿಯನ್ನ ತಲೆಯ ಮೇಲೆತ್ತಿ, ಈ ತುದಿಯಿಂದ ಆ ತುದಿಗೆ ಅಡ್ಡ ಬೀಸಿದೆ. ತೋಳು ಬಿದ್ದುಹೋಗೋ ತನಕ ಬೀಸಿದೆ.

ದೂರ ಹೋಗಿದ್ದ ಎರಡನೇ ತೆಪ್ಪದ ಟಾರ್ಚು ನಿಂತಿತು. ತಿರುಗಿತು. ಬಂತು.

ಬಂದವರು ಗಂಡ ಹೆಂಡತಿ. ಅವಳು, ಅವತ್ತು ದಡದಲ್ಲಿ ಬಾಟಲಿಗೆ ಟ್ಯೂಬ್ ಸುತ್ತುತ್ತಿದ್ದವಳೇ. ನಮ್ಮ ದೋಣಿಗೆ ಹಗ್ಗ ಕಟ್ಟುತ್ತಾ ತಮಿಳು ಬೆರೆತ ಕನ್ನಡದಲ್ಲಿ ನನಗೇ ಬೈದಳು: "ಏನಕ್ಕಾ ನೀನು! ಬಲೆ ದೀಪ ಹಾಕ್ಕೊಂಡು ಕೂತ್ರೆ ಯಾರು ಬರ್ತಾರೆ? ಸುಮ್ನೆ ನಿಂತಿರೋ ಕೆಂಪು ದೀಪ ಅಂದ್ರೆ ಕೆಳಗೆ ಬಲೆ ಐತೆ, ದೂರ ಹೋಗು ಅಂತ. ದೀಪ ಕುಣೀತು, ಬಲೆ ಕುಣಿಯಲ್ವಲ್ಲ ಅಂತ ಬಂದ್ವಿ." ನಾನು ಇವರ ತಲೆಯನ್ನ ತೊಡೆಯ ಮೇಲಿಟ್ಟುಕೊಂಡಿದ್ದೆ. ಬನ್ನಿ ಬನ್ನಿ ಅಂತ ಕರೆಯೋಕೆ ನಾನು ಹಚ್ಚಿದ ದೀಪ, ದೂರ ಹೋಗಿ ಅಂತ ಎಲ್ಲರನ್ನೂ ಅಟ್ಟುತ್ತಾ ಇತ್ತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು, ಐದು ದಿನ ಇಟ್ಟುಕೊಂಡರು. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ಇವರಿಗೆ ಬಿದಿರು ಬಡಿದ ನಂತರದ್ದು ಏನೂ ನೆನಪಿರಲಿಲ್ಲ. ನೋಡೋಕೆ ಬಂದವರಿಗೆಲ್ಲ ತಾವೇ ಕಥೆ ಕಟ್ಟಿ ಹೇಳೋರು: "ನನ್ನ ಹೆಂಡ್ತಿ ಮಾಡಿದ ದೀಪ ಕಣ್ರೀ. ಅದನ್ನ ನೋಡೇ ಬಂದ್ರು. ಅದರಿಂದ ಬದುಕಿದೆ." ಕೈಸನ್ನೆಯಲ್ಲಲ್ಲ, ಬಾಯಿಬಿಟ್ಟು ಹೇಳೋರು. ಜೀವಮಾನದಲ್ಲಿ ಮೊದಲ ಸಲ ಹೊಗಳಿಸಿಕೊಳ್ತಿದ್ದೆ. ಅಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ನಾಚಿಕೆಗೇಡು, ಆದರೂ ಬರಲಿಲ್ಲ.

ಹೋದ ತಿಂಗಳು ಇವರ ಹಳೇ ಕಾರ್ಖಾನೆ ಗೆಳೆಯರೊಬ್ಬರು ಹೊಳಲೂರಿಂದ ಬಂದರು. ಒಂದು ಸೆಕೆಂಡ್‌ಹ್ಯಾಂಡ್ ದೋಣಿ ತಗೊಂಡಿದ್ದಾರಂತೆ, ಹಿನ್ನೀರಿಗೆ ಗಾಳ ಹಾಕೋಕೆ ಹೋಗ್ತಾರಂತೆ, ಮೊಮ್ಮಗಳನ್ನೂ ಕರ್ಕೊಂಡು. "ತಂಗೀ, ನನಗೂ ಅಂಥದ್ದೇ ಒಂದು ದೀಪ ಮಾಡಿಕೊಡಮ್ಮ," ಅಂದರು. ಇವರು ಎದ್ದು ಹೋಗಿ ಶೋಕೇಸಿನಿಂದ ಆ ಡಬ್ಬಿ ತಂದು ಅವರ ಕೈಗೇ ಇಟ್ಟರು. "ಇದನ್ನೇ ತಗೊಂಡು ಹೋಗು. ನಂಬಿಕೆಯ ಮಾಲು."

ಅವತ್ತಿನ ಭಯ ಪಾದದಿಂದ ಮತ್ತೆ ಏರಿತು. ಡಬ್ಬಿಯನ್ನ ಅವರ ಕೈಯಿಂದ ಕಿತ್ಕೊಂಡೆ. ಎಲ್ಲ ಹೇಳಿಬಿಟ್ಟೆ. ತಿರುಗಿಹೋದ ಎರಡು ತೆಪ್ಪ, ಬಲೆಯ ದೀಪ, ನಾನು ಬೇಡ ಅಂದ ಮಿಣುಕೋ ಸರ್ಕ್ಯೂಟು. "ಈ ದೀಪ ನೋಡಿ ಯಾರೂ ಬರಲಿಲ್ಲ ರೀ. ನೋಡಿ ದೂರ ಹೋದ್ರು. ನೀವೇ ಅಡ್ಡ ಬೀಸು ಅಂದ್ರಿ, ಅದಕ್ಕೆ ಬಂದ್ರು. ನನ್ನಿಂದ ನೀವು ಸಾಯ್ತಿದ್ರಿ." ಗೆಳೆಯರು ಕಾಫಿ ಲೋಟ ಕೆಳಗಿಟ್ಟರು.

ಇವರು ನನ್ನ ಕಡೆ ತಿರುಗಿದರು.

"ಹಂಗಾದ್ರೆ ಅವತ್ತು ಅಷ್ಟು ಹೊತ್ತೂ ಅಲ್ಲಿ ನೀನು ಒಬ್ಬಳೇ ಇದ್ದೆ," ಅಂದರು.

ನಾನು ಅಳ್ತಾ ಅಳ್ತಾ ಇನ್ನೂ ಏನೋ ಹೇಳೋಕೆ ಹೋದೆ. ಅವರು ಅಂಗೈಯನ್ನ ಅಡ್ಡ ಬೀಸಿದರು, ಸಾಕು ಅಂತ. ಬಾಯಿ ಬಿಡಲಿಲ್ಲ. ನಾನೂ ಬೈಯಲಿಲ್ಲ.